ಸದ್ದಿಲ್ಲದ ಕೀಬೋರ್ಡ್ ಈಸೂರಿಗೆ ಬಂದ ದಾರಿ

"ಅಣ್ಣಾ, ರಾತ್ರಿ ಗೇಮ್ ಆಡೋಕೆ ಸದ್ದು ಮಾಡದ ಕೀಬೋರ್ಡ್ ಯಾವುದು? ಎರಡು ಸಾವಿರದೊಳಗೆ ಇರಬೇಕು."

ಈಸೂರು, ಶಿಕಾರಿಪುರ, ಸೊರಬದ ಕಡೆ ಡಿಗ್ರಿ ಓದುವ ಹುಡುಗರು ಈಚೆಗೆ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಈಸೂರು ಅಂದರೆ ನಾಡಿಗೆಲ್ಲ ನೆನಪಾಗುವುದು 1942. ಬ್ರಿಟಿಷರ ಆಳ್ವಿಕೆಯಲ್ಲೇ ತನ್ನನ್ನು ಸ್ವತಂತ್ರ ಎಂದು ಸಾರಿಕೊಂಡ ಊರು, 1943ರ ಮಾರ್ಚ್‌ನಲ್ಲಿ ಐವರನ್ನು ನೇಣಿಗೆ ಕೊಟ್ಟ ಊರು. ಅಂಥ ಊರಿನ ಹೆಸರು ಹೇಳಿ ಕೀಬೋರ್ಡ್ ಕಥೆಯೇ ಅಂತ ಮೂಗು ಮುರಿಯಬೇಡಿ. ದೊಡ್ಡ ಹೋರಾಟಕ್ಕೆ ಚರಿತ್ರೆ ಇರುವ ಹಾಗೆ ದಿನಾ ಕೈಯಲ್ಲಿ ಹಿಡಿಯುವ ಸಾಮಾನಿಗೂ ಒಂದು ಚರಿತ್ರೆ ಇರುತ್ತದೆ. ಅದು ಗೊತ್ತಿದ್ದರೆ ಅಂಗಡಿಯಲ್ಲಿ ಮೋಸ ಹೋಗುವುದು ಕಡಿಮೆ.

ಇದು ಬರೀ ಆಟದ ವಿಷಯವೂ ಅಲ್ಲ. ನಮ್ಮ ಕಡೆಯ ಮನೆಗಳಲ್ಲಿ ಮಲಗುವುದು, ಓದುವುದು, ಕಂಪ್ಯೂಟರ್ ಇಡುವುದು ಎಲ್ಲ ಒಂದೇ ನಡುಮನೆಯಲ್ಲಿ. ಅಜ್ಜನಿಗೆ ನಿದ್ದೆ ಹತ್ತುವುದೇ ಕಷ್ಟ. ಅವ್ವ ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆಯಬೇಕು. ತಂಗಿಗೆ ಪರೀಕ್ಷೆ. ಹನ್ನೊಂದು ಗಂಟೆಗೆ ಟಕಟಕ ಶುರುವಾದರೆ ಅಪ್ಪ ಕಂಪ್ಯೂಟರಿನ ಪ್ಲಗ್ಗನ್ನೇ ಕೀಳುತ್ತಾರೆ. ಆಗ ಆಟದ ಜೊತೆ ಟೈಪಿಂಗ್ ಅಭ್ಯಾಸವೂ ನಿಲ್ಲುತ್ತದೆ, ಆನ್‌ಲೈನ್ ಅರ್ಜಿಯೂ ನಿಲ್ಲುತ್ತದೆ.

ಸದ್ದು ಹುಟ್ಟಿದ್ದು ಎಲ್ಲಿ?

ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಜೊತೆಗಾರರು ರೂಪಿಸಿದ ಟೈಪ್‌ರೈಟರನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂತು. ಇವತ್ತು ನಮ್ಮ ಕೀಬೋರ್ಡಿನಲ್ಲಿರುವ ಇಂಗ್ಲಿಷ್ ಅಕ್ಷರಗಳ ಸಾಲು ಹೆಚ್ಚುಕಡಿಮೆ ಅದೇ ಯಂತ್ರದ್ದು. ಕೀ ಒತ್ತಿದರೆ ಕಬ್ಬಿಣದ ಕಡ್ಡಿಯೊಂದು ಹಾರಿ ಶಾಯಿ ರಿಬ್ಬನ್ನಿಗೆ ಬಡಿಯುತ್ತಿತ್ತು, ಅಕ್ಷರ ಕಾಗದದ ಮೇಲೆ ಮೂಡುತ್ತಿತ್ತು. ಆ ಬಡಿತವೇ ಅಚ್ಚು. ಸದ್ದಿಲ್ಲದೆ ಅಕ್ಷರವೇ ಇಲ್ಲ.

ಕಚೇರಿಗಳಿಗೆ ಆಗಲೇ ಈ ಸದ್ದು ಸಾಕಾಗಿತ್ತು. 1920ರ ದಶಕದಲ್ಲಿ ರೆಮಿಂಗ್ಟನ್ ಹೆಸರಿನಲ್ಲೇ 'ನಾಯ್ಸ್‌ಲೆಸ್', ಅಂದರೆ ಸದ್ದಿಲ್ಲದ ಟೈಪ್‌ರೈಟರ್ ಬಂತು. ಅದರಲ್ಲಿ ಅಕ್ಷರದ ಕಡ್ಡಿ ಬಡಿಯುತ್ತಿರಲಿಲ್ಲ, ಕಾಗದಕ್ಕೆ ಒತ್ತುತ್ತಿತ್ತು. ಅಂದರೆ 'ಸೈಲೆಂಟ್ ಕೀಬೋರ್ಡ್' ಬೇಕು ಅನ್ನುವ ಆಸೆಗೆ ನೂರು ವರ್ಷ ವಯಸ್ಸಾಗಿದೆ.

ನಮ್ಮ ದೇಶದಲ್ಲಿ ಗೋದ್ರೆಜ್ 1955ರಲ್ಲಿ ಟೈಪ್‌ರೈಟರ್ ತಯಾರಿಸಲು ಶುರುಮಾಡಿತು. ತಾಲ್ಲೂಕು ಕಚೇರಿ, ಕೋರ್ಟಿನ ಅಂಗಳ, ಬಸ್‌ಸ್ಟ್ಯಾಂಡ್ ಪಕ್ಕದ ಟೈಪಿಂಗ್ ಇನ್‌ಸ್ಟಿಟ್ಯೂಟ್, ಎಲ್ಲೆಲ್ಲೂ ಅದೇ ಟಕಟಕ. ಜೂನಿಯರ್, ಸೀನಿಯರ್ ಪಾಸಾದವರಿಗೆ ಸರ್ಕಾರಿ ಕೆಲಸದ ಬಾಗಿಲು ತೆರೆಯುತ್ತಿತ್ತು. ಹಾಗಾಗಿ ನಮ್ಮ ಹಿರಿಯರ ಕಿವಿಗೆ ಆ ಸದ್ದು ಅಂದರೆ ಕೆಲಸ. ಜೋರಾಗಿ ಕೇಳಿದಷ್ಟೂ ಕೆಲಸ ನಡೆಯುತ್ತಿದೆ ಅಂತ ಲೆಕ್ಕ.

ಕನ್ನಡ ಕೀಗೆ ಬಂದದ್ದು

ಕನ್ನಡಕ್ಕೆ ಇನ್ನೊಂದು ತೊಡಕಿತ್ತು. ಸ್ವರ, ವ್ಯಂಜನ, ಗುಣಿತ, ಒತ್ತಕ್ಷರ ಎಲ್ಲವನ್ನೂ ಇಂಗ್ಲಿಷಿಗೆ ಮಾಡಿದ ಯಂತ್ರದ ಕೆಲವೇ ಕೀಗಳಲ್ಲಿ ತುರುಕಬೇಕು. ಕೆ. ಅನಂತಸುಬ್ಬರಾವ್ ಅವರು ಕನ್ನಡ ಟೈಪ್‌ರೈಟರಿಗೆ ಕೀಲಿಮಣೆ ಹೊಂದಿಸಿಕೊಟ್ಟರು. ಅದನ್ನು ಕಲಿಯಲು ಇನ್‌ಸ್ಟಿಟ್ಯೂಟಿಗೆ ತಿಂಗಳುಗಟ್ಟಲೆ ಹೋಗಬೇಕಿತ್ತು. ಕನ್ನಡಕ್ಕೆ ಒಂದು ಯಂತ್ರ, ಇಂಗ್ಲಿಷಿಗೆ ಇನ್ನೊಂದು.

ಕಂಪ್ಯೂಟರ್ ಕಾಲಕ್ಕೆ ಈ ಗಂಟು ಬಿಡಿಸಿದವರು ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಇಂಗ್ಲಿಷಿನ 26 ಕೀಗಳಲ್ಲೇ ಕನ್ನಡ ಕೂರಿಸಿದರು. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಒತ್ತಕ್ಷರ ಬೇಕಾದರೆ ನಡುವೆ ಎಫ್. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಒತ್ತು. 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಈ ವಿನ್ಯಾಸವನ್ನು ಸಣ್ಣಪುಟ್ಟ ಬದಲಾವಣೆ ಜೊತೆ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಇರುವುದು ಇದೇ.

ಖರೀದಿಗೂ ಇದಕ್ಕೂ ಏನು ಸಂಬಂಧ? ಸಂಬಂಧ ಇದೆ. ಕನ್ನಡ ಟೈಪ್ ಮಾಡಲು ಬೇರೆ ಕೀಬೋರ್ಡ್ ಬೇಕಿಲ್ಲ. ಗೇಮಿಂಗ್‌ಗೆ ಅಂತ ಕೊಂಡದ್ದರಲ್ಲೇ 'ನುಡಿ' ನಡೆಯುತ್ತದೆ. ಆಟದಲ್ಲಿ ಓಡಾಡಲು ಎಡಗೈ ಇಡುವ ಡಬ್ಲ್ಯೂ, ಎ, ಎಸ್, ಡಿ ಎಂಬ ನಾಲ್ಕು ಕೀಗಳು 'ನುಡಿ'ಯಲ್ಲಿ ಡ, ಅ, ಸ, ದ. ಆಟಕ್ಕೂ ಕೆಲಸಕ್ಕೂ ಒಂದೇ ಮಣೆ ಸಾಕು.

ಬೇಕಿಲ್ಲದಿದ್ದರೂ ಉಳಿದ ಸದ್ದು

ಕಂಪ್ಯೂಟರಿನಲ್ಲಿ ಕೀ ಕಾಗದಕ್ಕೆ ಬಡಿಯುವುದಿಲ್ಲ. ಎರಡು ತಂತಿ ತಾಗಿ ಕರೆಂಟ್ ಹರಿದರೆ ಮುಗಿಯಿತು, ಲೈಟಿನ ಸ್ವಿಚ್ ಇದ್ದ ಹಾಗೆ. ಸದ್ದು ಬೇಕೇ ಇಲ್ಲ. ಆದರೂ 1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ ಅದರ ಪ್ರತಿ ಕೀ ಕೆಳಗೆ ಒಂದು ಸ್ಪ್ರಿಂಗ್ ಇತ್ತು, ಒತ್ತಿದರೆ ಅದು ಮಡಚಿ ಟಕ್ ಅನ್ನುತ್ತಿತ್ತು. ಟೈಪ್‌ರೈಟರಿಗೆ ಒಗ್ಗಿದ ಬೆರಳಿಗೆ, ಕಿವಿಗೆ 'ಅಕ್ಷರ ಬಿತ್ತು' ಅಂತ ಗೊತ್ತಾಗಬೇಕಿತ್ತು.

ಅದೇ ದಶಕದಲ್ಲಿ ಚೆರ್ರಿ ಕಂಪನಿಯ 'ಎಂಎಕ್ಸ್' ಸ್ವಿಚ್‌ಗಳು ಬಂದವು. ಪ್ರತಿ ಕೀಗೂ ಬೇರೆ ಬೇರೆ ಸ್ವಿಚ್ ಇರುವ ಇಂಥ ಮಣೆಗೆ 'ಮೆಕ್ಯಾನಿಕಲ್' ಅನ್ನುತ್ತಾರೆ. ಇವಕ್ಕೆ ಬಣ್ಣವೇ ಹೆಸರು: ನೀಲಿ ಒತ್ತಿದರೆ ಟಿಕ್ ಅನ್ನುತ್ತದೆ, ಕಂದು ಬೆರಳಿಗೆ ಸಣ್ಣ ತಡೆ ಕೊಡುತ್ತದೆ, ಕೆಂಪು ಸಲೀಸಾಗಿ ಇಳಿಯುತ್ತದೆ.

ನಮ್ಮ ದೇಶದಲ್ಲಿ ನೀಲಿ ಸ್ವಿಚ್ ಮನೆಮಾತಾದದ್ದು ಟಿವಿಎಸ್ ಗೋಲ್ಡ್ ಕೀಬೋರ್ಡಿನಿಂದ. ರೈಲ್ವೆ ಟಿಕೆಟ್ ಕೌಂಟರ್, ಬ್ಯಾಂಕು, ಡಿಟಿಪಿ ಅಂಗಡಿಯಲ್ಲಿ ಟಕಟಕ ಕೇಳಿದ್ದರೆ ಅದು ಇದೇ ಇರಬೇಕು. ದಿನವಿಡೀ ಕುಟ್ಟಿದರೂ ವರ್ಷಗಟ್ಟಲೆ ಬಾಳುವ ಗಟ್ಟಿ ಮಾಲು. ವಿದೇಶಿ ಗೇಮಿಂಗ್ ಕೀಬೋರ್ಡುಗಳು ಕೈಗೆಟುಕದಿದ್ದ ಕಾಲದಲ್ಲಿ ಗೇಮ್ ಆಡುವ ಹುಡುಗರೂ ಇದನ್ನೇ ಕೊಂಡರು. ಅಗ್ಗ, ಗಟ್ಟಿ ಎರಡೂ ಹೌದು. ಸದ್ದು ಮಾತ್ರ ಕೌಂಟರಿಗೆ ಸರಿ, ನಡುಮನೆಗೆ ಅಲ್ಲ.

ರಬ್ಬರ್ ತಂದ ಮೌನ, ಆಟ ತೋರಿಸಿದ ಕೊರತೆ

1990ರ ದಶಕದಲ್ಲಿ ಕಂಪ್ಯೂಟರ್ ಅಗ್ಗವಾಗುತ್ತ ಬಂದ ಹಾಗೆ ಕೀಬೋರ್ಡಿನ ಖರ್ಚೂ ಇಳಿಯಬೇಕಾಯಿತು. ಬೇರೆ ಬೇರೆ ಸ್ವಿಚ್ ಬದಲು ಪ್ಲಾಸ್ಟಿಕ್ ಹಾಳೆಗಳು, ಅವುಗಳ ಮೇಲೆ ರಬ್ಬರ್ ಗುಳ್ಳೆಗಳು. ಇದೇ 'ಮೆಂಬ್ರೇನ್'. ಶಾಲೆಯಲ್ಲಿ, ಪಂಚಾಯಿತಿಯಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಮೌನ ಇಲ್ಲಿ ಪುಕ್ಕಟೆ ಸಿಕ್ಕಿತು. ಉಳಿತಾಯ ಮಾಡಲು ಹೋದಾಗ ಸದ್ದೂ ಕಡಿಮೆಯಾಯಿತು, ಅಷ್ಟೆ.

ಇದರ ಕೊರತೆ ಬಯಲಾದದ್ದು ಆಟದಲ್ಲಿ. ಪತ್ರ ಬರೆಯುವಾಗ ಒಂದೊಂದೇ ಕೀ ಒತ್ತುತ್ತೇವೆ. ಆಟದಲ್ಲಿ ಓಡುತ್ತ, ಪಕ್ಕಕ್ಕೆ ಸರಿಯುತ್ತ, ಜಿಗಿಯಬೇಕು, ಅಂದರೆ ಮೂರ್ನಾಲ್ಕು ಕೀ ಒಟ್ಟಿಗೆ. ಅಗ್ಗದ ಮೆಂಬ್ರೇನಿನಲ್ಲಿ ಕೀಗಳ ತಂತಿ ಅಡ್ಡಸಾಲು, ಉದ್ದಸಾಲಿನ ಬಲೆಯ ಹಾಗೆ ಇರುತ್ತದೆ. ಕೆಲವು ಮೂರು ಕೀ ಒಟ್ಟಿಗೆ ಒತ್ತಿದರೆ ಒಂದು ಗೊತ್ತೇ ಆಗುವುದಿಲ್ಲ. ನೀವು ಜಿಗಿಯಲು ಒತ್ತಿದಿರಿ, ಆಟದೊಳಗಿನವನು ನಿಂತೇ ಇದ್ದ. 'ಆಂಟಿ ಘೋಸ್ಟಿಂಗ್' ಅಂತ ಡಬ್ಬಿ ಮೇಲೆ ಬರೆಯುವುದು ಈ ತೊಂದರೆ ಇಲ್ಲ ಅಂತ ಹೇಳಲು.

ಕೊನೆಯ ತಿರುವು 2014ರ ಆಸುಪಾಸಿನದು. ಚೆರ್ರಿ ಸ್ವಿಚ್ಚಿನ ಮೂಲ ಪೇಟೆಂಟ್ ಅವಧಿ ಮುಗಿದಿತ್ತು. ಚೀನಾದ ಗೇಟರಾನ್, ಕೈಲ್, ಔಟೆಮು ಮುಂತಾದ ಕಂಪನಿಗಳು ಅದೇ ಮಾದರಿಯ ಸ್ವಿಚ್ಚುಗಳನ್ನು ಅಗ್ಗವಾಗಿ ಮಾಡತೊಡಗಿದವು. ಮೆಕ್ಯಾನಿಕಲ್ ನಮ್ಮ ಬೆಲೆಗೆ ಇಳಿಯಿತು. ಜೊತೆಗೆ 'ಸೈಲೆಂಟ್' ಸ್ವಿಚ್ಚೂ ಬಂತು. ಕೀ ಕೆಳಗೆ ತಗಲುವಾಗ ಒಂದು, ಮೇಲೆ ಬರುವಾಗ ಒಂದು, ಹೀಗೆ ಎರಡು ಸದ್ದು ಇರುತ್ತವಲ್ಲ, ಆ ಎರಡೂ ಕಡೆ ಮೆತ್ತನೆಯ ರಬ್ಬರ್ ತುಂಡು ಇಟ್ಟರು.

ಹಾಗಾದರೆ ಯಾವುದು ಕೊಳ್ಳಬೇಕು?

ಸಾವಿರದೊಳಗೆ ಕೈ ಇದ್ದರೆ ಆಂಟಿ ಘೋಸ್ಟಿಂಗ್ ಇರುವ ಮೆಂಬ್ರೇನ್ ತೆಗೆದುಕೊಳ್ಳಿ. ಮನೆಯವರ ನಿದ್ದೆಗೂ ಆಟಕ್ಕೂ ಸಾಕು. 'ಮೆಕ್ಯಾನಿಕಲ್ ಫೀಲ್' ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಮೆಂಬ್ರೇನೇ. 'ಫೀಲ್' ಅನ್ನುವ ಪದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಬಣ್ಣಬಣ್ಣದ ಲೈಟಿಗೂ ಅಷ್ಟೆ, ಅದು ಕತ್ತಲಲ್ಲಿ ಮಲಗಿದವರ ಕಣ್ಣಿಗೆ ಚುಚ್ಚುತ್ತದೆ.

ಎರಡು ಸಾವಿರದ ಸುತ್ತಮುತ್ತ ಆದರೆ ಕೆಂಪು ಸ್ವಿಚ್ಚಿನ ಮೆಕ್ಯಾನಿಕಲ್ ಹುಡುಕಿ. ನೀಲಿ ಬೇಡ. ಕೆಂಪು ಅಂದರೆ ಪೂರ್ತಿ ಮೌನ ಅಲ್ಲ, ಟಿಕ್ ಅನ್ನುವುದಿಲ್ಲ ಅಷ್ಟೆ. 'ಸೈಲೆಂಟ್' ಅಂತಲೇ ಬರೆದದ್ದು ಆ ಬೆಲೆಗೆ ಸಿಕ್ಕರೆ ಬಿಡಬೇಡಿ. 'ಹಾಟ್ ಸ್ವಾಪ್' ಅಂತ ಇದ್ದರೆ ಇನ್ನೂ ಒಳ್ಳೆಯದು. ಈಗ ಇರುವ ಸ್ವಿಚ್ ಕಿತ್ತು ಮುಂದೆ ಅಡಿಕೆ ದುಡ್ಡು ಬಂದಾಗ ಸೈಲೆಂಟ್ ಸ್ವಿಚ್ ಹಾಕಿಕೊಳ್ಳಬಹುದು.

ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಿ. ಒಂದು, ನೋಟ್‌ಪ್ಯಾಡ್ ತೆರೆದು ಶಿಫ್ಟ್ ಮತ್ತು ಡಬ್ಲ್ಯೂ ಒತ್ತಿ ಹಿಡಿದೇ ಎ, ಡಿ, ಆರ್, ಸ್ಪೇಸ್ ಒಂದೊಂದಾಗಿ ಒತ್ತಿ. ಪ್ರತಿಯೊಂದೂ ತೆರೆಯ ಮೇಲೆ ಬರಬೇಕು. ಎರಡು, ಸ್ಪೇಸ್ ಬಾರ್ ಬಡಿದು ನೋಡಿ. ಉದ್ದದ ಕೀ ಆದ್ದರಿಂದ ಹೆಚ್ಚು ಗಲಗಲ ಅನ್ನುವುದು ಅದೇ. ಆಟದಲ್ಲಿ ಜಿಗಿಯಲು ಪದೇ ಪದೇ ಒತ್ತುವುದೂ ಅದನ್ನೇ.

ಹೊಸದು ಕೊಳ್ಳಲು ದುಡ್ಡಿಲ್ಲದಿದ್ದರೆ ಇರುವುದರ ಕೆಳಗೆ ಒಂದು ಹಳೇ ಕಂಬಳಿ ಮಡಚಿ ಹಾಸಿ. ಸದ್ದಿನ ಒಂದು ಪಾಲು ಕೀಬೋರ್ಡಿನದಲ್ಲ, ಅದು ಕೂತ ಮರದ ಮೇಜಿನದು. ಮೇಜು ಕುಟ್ಟುವುದು ನಿಂತರೆ ಅಜ್ಜನಿಗೆ ಅಷ್ಟಾದರೂ ನಿದ್ದೆ ಬರುತ್ತದೆ. ನಿಮಗೆ ಇನ್ನೊಂದು ಆಟವೋ, 'ನುಡಿ'ಯಲ್ಲಿ ಇನ್ನೊಂದು ಪುಟವೋ ಮುಗಿಯುತ್ತದೆ.