ಹೆಸರು ಗ್ರೀನ್ ಕಾರ್ಡ್, ಅವಧಿ ಐದೇ ವರ್ಷ: ಜರ್ಮನಿ ವೀಸಾದ ಕಥೆ

ಇತ್ತೀಚೆಗೆ ನನಗೆ ಬರೋ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಜರ್ಮನಿಗೆ ಹೋದ್ರೆ ಅಲ್ಲೇ ಸೆಟಲ್ ಆಗಬಹುದಾ?" ಫಾರ್ಮ್ ತುಂಬೋದು ಹೇಗೆ ಅಂತ ನಾನು ಇವತ್ತು ಹೇಳಲ್ಲ. ಆ ವೀಸಾಗಳ ಹಿಂದಿರೋ ಎಪ್ಪತ್ತು ವರ್ಷದ ಕಥೆ ಹೇಳ್ತೀನಿ. ಉತ್ತರ ಅದರೊಳಗೇ ಇದೆ.

ಯುದ್ಧದಲ್ಲಿ ನೆಲಕಚ್ಚಿದ್ದ ಪಶ್ಚಿಮ ಜರ್ಮನಿಯ ಕಾರ್ಖಾನೆಗಳು 1950ರ ದಶಕದಲ್ಲಿ ಮತ್ತೆ ಭರದಿಂದ ನಡೆಯತೊಡಗಿದವು. ಆದರೆ ಕೆಲಸಕ್ಕೆ ಜನ ಸಾಲಲಿಲ್ಲ. 1955ರಲ್ಲಿ ಇಟಲಿ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್, 1961ರಲ್ಲಿ ಟರ್ಕಿ ಜೊತೆ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಬಂದವರಿಗೆ ಇಟ್ಟ ಹೆಸರು 'ಗಾಸ್ಟ್‌ಆರ್ಬೈಟರ್', ಅಂದ್ರೆ ಅತಿಥಿ ಕಾರ್ಮಿಕ. ಅತಿಥಿ ಅಂದಮೇಲೆ ಒಂದು ದಿನ ಹೊರಡಲೇಬೇಕು, ಅಲ್ವಾ?

ಟರ್ಕಿಯವರಿಗೆ ಮೊದಲು ಎರಡೇ ವರ್ಷದ ಮಿತಿ ಇತ್ತು. ಬಿಕಾಂ ಓದಿದ ನನಗೆ ಮುಂದಿನದ್ದು ತುಂಬಾ ಇಂಟರೆಸ್ಟಿಂಗ್ ಅನ್ನಿಸ್ತು. ಕೆಲಸ ಕಲಿತವರನ್ನು ವಾಪಸ್ ಕಳಿಸಿ ಹೊಸಬರಿಗೆ ಮತ್ತೆ ಮೊದಲಿಂದ ಕಲಿಸೋದು ಮಾಲೀಕರಿಗೆ ಶುದ್ಧ ನಷ್ಟ. 1964ರಲ್ಲಿ ಆ ಮಿತಿಯನ್ನು ತೆಗೆದರು.

ತೈಲ ಬಿಕ್ಕಟ್ಟಿನ ವರ್ಷ 1973. ನವೆಂಬರ್‌ನಲ್ಲಿ ನೇಮಕಾತಿಯೇ ಬಂದ್. ಆಗ ಉಲ್ಟಾ ಹೊಡೀತು ನೋಡಿ. ಒಮ್ಮೆ ಊರಿಗೆ ಹೋದರೆ ಮತ್ತೆ ಬರೋಕಾಗಲ್ಲ ಅಂತ ಗೊತ್ತಾದಾಗ ಎಷ್ಟೋ ಜನ ಹೊರಡಲೇ ಇಲ್ಲ. ಹೆಂಡತಿ ಮಕ್ಕಳನ್ನೇ ಅಲ್ಲಿಗೆ ಕರೆಸಿಕೊಂಡರು. 1955ರಿಂದ 1973ರವರೆಗೆ ಸುಮಾರು 1.4 ಕೋಟಿ ಜನ ಬಂದು, 1.1 ಕೋಟಿ ಜನ ಹಿಂತಿರುಗಿದ್ದರು. ಉಳಿದವರಿಗೆ ಅದೇ ಊರಾಯಿತು. 1983ರಲ್ಲಿ ಸರ್ಕಾರ ಊರಿಗೆ ಮರಳುವವರಿಗೆ 10,500 ಮಾರ್ಕ್ ಕೊಡ್ತೀವಿ ಅಂದರೂ ಬಹುತೇಕರು ಕದಲಲಿಲ್ಲ. ಆದರೆ ಅಲ್ಲೇ ಹುಟ್ಟಿದ ಅವರ ಮಕ್ಕಳು ಕಾಗದದ ಮೇಲೆ ವಿದೇಶಿಯರೇ. ಹುಟ್ಟಿನಿಂದ ಪೌರತ್ವ ಸಿಗುವ ದಾರಿ ಅವರಂಥವರಿಗೆ ತೆರೆದದ್ದು 2000ದ ಜನವರಿಯಲ್ಲಿ.

ಅದೇ 2000ದಲ್ಲಿ ನಮ್ಮವರು ಕಥೆಯೊಳಗೆ ಬರ್ತಾರೆ. ಫೆಬ್ರವರಿಯಲ್ಲಿ ಹ್ಯಾನೋವರ್‌ನ ಸೆಬಿಟ್ ಮೇಳದಲ್ಲಿ ಚಾನ್ಸಲರ್ ಗೆರಾರ್ಡ್ ಶ್ರೋಡರ್, ಹೊರಗಿನ ಐಟಿ ತಜ್ಞರಿಗೆ 'ಗ್ರೀನ್ ಕಾರ್ಡ್' ಕೊಡುವ ಮಾತಾಡಿದರು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಹುಡುಗಿಯರಿಗೆ ಹೊಸ ಬಾಗಿಲು. ವಿರೋಧವೂ ಜೋರಾಗಿತ್ತು. ವಿರೋಧ ಪಕ್ಷದ ಯುರ್ಗನ್ ರುಟ್ಗರ್ಸ್ ಮಾತಿನಿಂದ 'ಕಿಂಡರ್ ಸ್ಟಾಟ್ ಇಂಡರ್', ಅಂದ್ರೆ 'ಭಾರತೀಯರ ಬದಲು ಮಕ್ಕಳು' ಅನ್ನೋ ಘೋಷಣೆ ಹುಟ್ಟಿತು. ಆ ವರ್ಷ ಮೇ ತಿಂಗಳ ರಾಜ್ಯ ಚುನಾವಣೆಯಲ್ಲಿ ಅವರು ಸೋತರು.

ಆಗಸ್ಟ್‌ನಲ್ಲಿ ಯೋಜನೆ ಶುರುವಾಯಿತು. ಗರಿಷ್ಠ 20,000 ಪರವಾನಗಿ, ಅವಧಿ ಐದು ವರ್ಷ. ಗಮನಿಸಿ, ಅಮೆರಿಕದ ಗ್ರೀನ್ ಕಾರ್ಡ್ ಅಂದ್ರೆ ಕಾಯಂ ವಾಸ. ಜರ್ಮನಿ ತಗೊಂಡದ್ದು ಹೆಸರನ್ನು ಮಾತ್ರ, ಒಳಗಿದ್ದದ್ದು ಅದೇ ಹಳೇ ಅತಿಥಿ ಲೆಕ್ಕ. ಭಾರತೀಯರೇ ಅತಿ ದೊಡ್ಡ ಗುಂಪಾದರೂ 20,000 ಕೊನೆಗೂ ಭರ್ತಿಯಾಗಲಿಲ್ಲ. ಐದು ವರ್ಷ ಆದಮೇಲೆ ಏನು ಅಂತ ಗೊತ್ತಿಲ್ಲದ ಕಡೆ ಯಾರು ತಾನೇ ಮನೆ ಕಟ್ತಾರೆ?

ಈ ಪಾಠ ನಿಧಾನವಾಗಿ ಕಾನೂನಿಗೆ ಇಳಿಯಿತು. 2005ರಲ್ಲಿ ಹೊಸ ವಲಸೆ ಕಾಯ್ದೆ, 2012ರಲ್ಲಿ ಬ್ಲೂ ಕಾರ್ಡ್, 2020ರಲ್ಲಿ ಕುಶಲ ಕೆಲಸಗಾರರ ಕಾಯ್ದೆ. ಈಗ ಬ್ಲೂ ಕಾರ್ಡ್ ಇದ್ದವರು ಪಿಂಚಣಿ ವಂತಿಗೆ ಕಟ್ಟುತ್ತಾ, ಆರಂಭಿಕ ಜರ್ಮನ್ ಕಲಿತಿದ್ದರೆ 27 ತಿಂಗಳಿಗೆ, ಬಿ1 ಮಟ್ಟದ ಭಾಷೆ ಬಂದರೆ 21 ತಿಂಗಳಿಗೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. 2024ರ ಜೂನ್‌ನಲ್ಲಿ ಬಂದ 'ಚಾನ್ಸನ್‌ಕಾರ್ಟೆ' ಬೇರೆ. ಅದು ಕೆಲಸ ಹುಡುಕೋಕೆ ಒಂದು ವರ್ಷದವರೆಗೆ ಕೊಡುವ ಅವಕಾಶ ಅಷ್ಟೆ.

2024ರ ಅಕ್ಟೋಬರ್‌ನಲ್ಲಿ ಭಾರತೀಯ ಕುಶಲ ಕೆಲಸಗಾರರ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ ಹೇಳಿತು. ಎಲ್ಲರೂ ಆ ಸಂಖ್ಯೆಯನ್ನೇ ಶೇರ್ ಮಾಡಿದರು. ಆದರೆ ಅದು ಒಳಗೆ ಹೋಗೋ ಬಾಗಿಲಿನ ಲೆಕ್ಕ, ಉಳಿಯೋದರ ಲೆಕ್ಕ ಅಲ್ಲ. ಹಾಗಾಗಿ ಏಜೆಂಟ್ ಯಾವುದೇ ಕಾರ್ಡ್‌ನ ಹೆಸರು ಹೇಳಲಿ, ಮೂರು ಪ್ರಶ್ನೆ ಕೇಳಿ. ಅವಧಿ ಎಷ್ಟು? ಕೆಲಸ ಹೋದರೆ ಏನಾಗುತ್ತೆ? ಕಾಯಂ ಆಗೋಕೆ ಎಷ್ಟು ತಿಂಗಳು? ಇನ್ನು ಜರ್ಮನ್ ಕ್ಲಾಸ್‌ಗೆ ಸೇರೋದನ್ನು ಇಲ್ಲಿಂದಲೇ ಶುರು ಮಾಡಿ. ಆ 27ಕ್ಕೂ 21ಕ್ಕೂ ನಡುವಿನ ಆರು ತಿಂಗಳು ನಿಮ್ಮ ಕೈಯಲ್ಲೇ ಇದೆ.