ಎದೆ ತೆರೆಯದೆ ಹೃದಯ ಕವಾಟದ ಬದಲಾವಣೆ: ಹಿರಿಯರಿರುವ ಮನೆಯವರು ತಿಳಿದಿರಬೇಕಾದದ್ದು

ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ ರಕ್ತ ಹೊರಡುವ ದ್ವಾರದಲ್ಲಿ ಕವಾಟವೊಂದಿದೆ ಎಂಬುದನ್ನು ನಮ್ಮ ಮಕ್ಕಳು ವಿಜ್ಞಾನದ ಪಾಠದಲ್ಲಿ ಕನ್ನಡದಲ್ಲೇ ಓದುತ್ತಾರೆ. ಅದೇ ಮಕ್ಕಳ ಅಜ್ಜ ಅಜ್ಜಿಯರಲ್ಲಿ, ವಯಸ್ಸು ಏರಿದಂತೆ, ಆ ಕವಾಟದ ಎಸಳುಗಳಲ್ಲಿ ಸುಣ್ಣದ ಅಂಶ ಸೇರಿ, ಅವು ಬಿಗಿದು, ದ್ವಾರ ಕಿರಿದಾಗುವುದುಂಟು. ಮೆಟ್ಟಿಲೇರುವಾಗ ಏದುಸಿರು, ಎದೆನೋವು, ತಲೆ ಸುತ್ತಿ ಬೀಳುವುದು ಇದರ ಲಕ್ಷಣಗಳು. ‘ವಯಸ್ಸಾಯಿತಲ್ಲ’ ಎಂದು ಇವನ್ನು ತಳ್ಳಿಹಾಕುವುದೇ ನಾವು ಮಾಡುವ ದೊಡ್ಡ ತಪ್ಪು. ಎಕೋ ಪರೀಕ್ಷೆಯಿಂದ ರೋಗ ಗೊತ್ತಾಗುತ್ತದೆ. ತೀರಾ ಕಿರಿದಾದ ಕವಾಟ ಔಷಧದಿಂದ ಮತ್ತೆ ತೆರೆದುಕೊಳ್ಳದು, ಬದಲಿಸಲೇಬೇಕು.

ಹಿಂದೆ ಅದಕ್ಕೆ ಎದೆಗೂಡನ್ನು ಸೀಳಿ, ಹೃದಯವನ್ನು ನಿಲ್ಲಿಸಿ, ಯಂತ್ರದ ನೆರವಿನಿಂದ ರಕ್ತ ಹರಿಸುವ ಶಸ್ತ್ರಕ್ರಿಯೆಯೊಂದೇ ದಾರಿಯಾಗಿತ್ತು. ದುರ್ಬಲರಾದ ವೃದ್ಧರಿಗೆ ಅದನ್ನು ಮಾಡಲು ವೈದ್ಯರೇ ಹಿಂಜರಿಯುತ್ತಿದ್ದರು. 2002ರ ಏಪ್ರಿಲ್ 16ರಂದು ಫ್ರಾನ್ಸಿನ ರೂಆನ್ ನಗರದಲ್ಲಿ ಡಾ. ಅಲೆನ್ ಕ್ರಿಬಿಯೆ ಅವರು ರಕ್ತನಾಳದ ಮೂಲಕವೇ ಹೊಸ ಕವಾಟವನ್ನು ಕೂರಿಸಿದರು. ಇದಕ್ಕೆ ‘ಟಾವಿ’ ಎಂದು ಹೆಸರು. ಈಗ ಸಾಮಾನ್ಯವಾಗಿ ತೊಡೆಸಂದಿಯ ಅಪಧಮನಿಯಿಂದ ತೆಳು ಕೊಳವೆಯೊಂದನ್ನು ಹೃದಯದವರೆಗೆ ಸಾಗಿಸುತ್ತಾರೆ. ಅದರ ತುದಿಯಲ್ಲಿ ಲೋಹದ ಜಾಲರಿಯೊಳಗೆ ಮಡಚಿಟ್ಟ, ದನದ ಅಥವಾ ಹಂದಿಯ ಹೃದಯದ ಹೊರಪೊರೆಯಿಂದ ಮಾಡಿದ ಕವಾಟವಿರುತ್ತದೆ. ಅದು ಹಳೆಯ ಕವಾಟದೊಳಗೇ ಅರಳಿ ನಿಲ್ಲುತ್ತದೆ. (ಆಹಾರ, ಆಚಾರಗಳ ಕಟ್ಟುನಿಟ್ಟುಳ್ಳ ಹಿರಿಯರಿಗೆ ಇದನ್ನು ಮುಚ್ಚಿಡದೆ ಮೊದಲೇ ಹೇಳುವುದು ಲೇಸು.)

ಶಸ್ತ್ರಕ್ರಿಯೆ ತಾಳಲಾರದ ರೋಗಿಗಳ ಕುರಿತು 2010ರಲ್ಲಿ ಪ್ರಕಟವಾದ ‘ಪಾರ್ಟ್‌ನರ್’ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ತೀರಿಕೊಂಡವರು ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಶೇ. 50.7, ಟಾವಿ ಪಡೆದವರಲ್ಲಿ ಶೇ. 30.7. ಅಂತರ ಸಣ್ಣದಲ್ಲ. ಹಾಗೆಂದು ಇದು ಅಪಾಯರಹಿತವೂ ಅಲ್ಲ: ಪಾರ್ಶ್ವವಾಯು, ರಕ್ತನಾಳಕ್ಕೆ ಗಾಯ, ಕವಾಟದ ಅಂಚಿನಲ್ಲಿ ಸೋರಿಕೆ ಉಂಟಾಗಬಹುದು, ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಅಮೆರಿಕದ ಹೃದ್ರೋಗ ತಜ್ಞರ 2020ರ ಮಾರ್ಗಸೂಚಿಯಂತೆ 80 ದಾಟಿದವರಿಗೆ ಟಾವಿ, 65ಕ್ಕಿಂತ ಕಿರಿಯರಿಗೆ ತೆರೆದ ಶಸ್ತ್ರಕ್ರಿಯೆ ಹೆಚ್ಚು ಸೂಕ್ತ. ನಡುವಿನವರು ವೈದ್ಯರೊಡನೆ ಕೂತು ನಿರ್ಧರಿಸಬೇಕು.

ನಮ್ಮ ಕಳವಳವಿರುವುದು ಇಲ್ಲೇ. ತನಗೆ ತಿಳಿಯದ ಭಾಷೆಯ ಒಪ್ಪಿಗೆ ಪತ್ರಕ್ಕೆ ಅಜ್ಜಿಯೊಬ್ಬರು ಹೆಬ್ಬೆಟ್ಟು ಒತ್ತಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಪತ್ರ ಮಲಯಾಳದಲ್ಲಿರಲಿ, ತಮಿಳು, ಮರಾಠಿ, ತೆಲುಗು, ಇಂಗ್ಲಿಷಿನಲ್ಲಿರಲಿ, ರೋಗಿಗೆ ಕನ್ನಡದಲ್ಲಿ ವಿವರಿಸಿದ ಮೇಲೆಯೇ ಸಹಿ ಹಾಕಿಸಿರಿ. ಟಾವಿಯೋ ಶಸ್ತ್ರಕ್ರಿಯೆಯೋ, ಏಕೆ, ಒಟ್ಟು ವೆಚ್ಚವೆಷ್ಟು, ವಿಮೆಯಿಂದ ಎಷ್ಟು ಸಿಗುತ್ತದೆ ಎಂದು ಕೇಳಿರಿ. ಕವಾಟದ ವಿವರವಿರುವ ಚೀಟಿಯನ್ನು ಹಿರಿಯರ ಬಳಿಯೇ ಇರಿಸಿರಿ. ಮುಂದೆ ಹಲ್ಲು ಕೀಳಿಸುವುದಿದ್ದರೆ ಅದನ್ನು ದಂತವೈದ್ಯರಿಗೆ ಮೊದಲು ತೋರಿಸಬೇಕು, ಕವಾಟಕ್ಕೆ ಸೋಂಕು ತಗಲದಂತೆ ಅವರು ಮುಂಚಿತವಾಗಿ ಔಷಧ ಕೊಡುತ್ತಾರೆ.