ಹಮೀನ್

ಹೀಬ್ರೂವಿನಲ್ಲಿ 'ಹಮ್' ಎಂದರೆ ಬಿಸಿ. ಅದರಿಂದ ಬಂದದ್ದು 'ಹಮೀನ್': ಯಹೂದಿಯರು ಸಬ್ಬತ್ ದಿನ, ಅಂದರೆ ಶನಿವಾರ, ಉಣ್ಣುವ ಬಿಸಿ ಅಡುಗೆ. ಸಬ್ಬತ್ತಿನಂದು ಒಲೆ ಹೊತ್ತಿಸುವಂತಿಲ್ಲ, ಬೇಯಿಸುವಂತಿಲ್ಲ. ಹಾಗಾಗಿ ಶುಕ್ರವಾರ ಹೊತ್ತು ಮುಳುಗಿ ಸಬ್ಬತ್ ಶುರುವಾಗುವ ಮೊದಲೇ ಪಾತ್ರೆಯನ್ನು ಸಣ್ಣ ಕಾವಿನಲ್ಲಿಟ್ಟು, ಮರುದಿನ ಮಧ್ಯಾಹ್ನ ತೆಗೆಯುತ್ತಾರೆ. ಸುಮಾರು 1,800 ವರ್ಷ ಹಳೆಯ ಯಹೂದಿ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾ ಗ್ರಂಥದಲ್ಲೇ, ಬಿಸಿ ಆರದಂತೆ ಮುಚ್ಚಿಡುವ ಪದಾರ್ಥ ಎಂಬ ಅರ್ಥದಲ್ಲಿ ಈ ಪದವಿದೆ.

ನಿಯಮ ಒಂದೇ, ಪಾತ್ರೆಯೊಳಗಿನದು ಊರಿಗೊಂದು. ಪೂರ್ವ ಯುರೋಪಿನ 'ಚೋಲೆಂಟ್‌'ನಲ್ಲಿ ಬಾರ್ಲಿ, ಹುರುಳಿಕಾಯಿ ಬೀಜ, ದನದ ಮಾಂಸ; ಆಲೂಗಡ್ಡೆ ಸೇರಿದ್ದು ಬಹಳ ತಡವಾಗಿ. ಬಾಗ್ದಾದಿನವರ 'ತಬೀತ್' ಅಕ್ಕಿ ತುಂಬಿದ ಕೋಳಿ. ಮೊರಾಕ್ಕೊದಲ್ಲಿ ಕಡಲೆಕಾಳು, ಗೋಧಿ, ಜೊತೆಗೆ ರಾತ್ರಿಯಿಡೀ ಬೆಂದು ಕಂದುಬಣ್ಣಕ್ಕೆ ತಿರುಗಿದ ಇಡೀ ಮೊಟ್ಟೆ. ನನಗಂತೂ ಆ ಮೊಟ್ಟೆಯೇ ಮುಖ್ಯ! ಅಲ್ಲಿ ಈ ಅಡುಗೆಯ ಹೆಸರು 'ಸ್ಖೀನಾ', ಅರಬ್ಬಿಯಲ್ಲಿ ಅದಕ್ಕೂ ಬಿಸಿ ಎಂದೇ ಅರ್ಥ. ಇನ್ನೊಂದು ಹೆಸರು 'ದಫೀನಾ', ಎಂದರೆ ಹೂತಿಟ್ಟದ್ದು. ಯಹೂದಿ ಆಹಾರ ನಿಯಮದಂತೆ, ಮಾಂಸವಿದ್ದರೆ ಹಾಲು, ಬೆಣ್ಣೆ ಎಲ್ಲಿಯೂ ಸೇರದು.

ಸ್ಪೇನಿನಲ್ಲಿ ಇದೇ ಅಡುಗೆ 'ಅದಫೀನಾ'. ಕ್ರೈಸ್ತ ಮತಕ್ಕೆ ಮತಾಂತರಗೊಂಡ ಯಹೂದಿಯರ ಮನೆಯಲ್ಲಿ ಇದು ಬೇಯುತ್ತಿದ್ದರೆ, ಗುಟ್ಟಾಗಿ ಯಹೂದಿ ಆಚರಣೆ ನಡೆಸುತ್ತಿದ್ದಾರೆ ಎಂಬುದಕ್ಕೆ, ಮತದ್ರೋಹವನ್ನು ವಿಚಾರಿಸುತ್ತಿದ್ದ ಇನ್‌ಕ್ವಿಸಿಶನ್ ನ್ಯಾಯಾಲಯಗಳು ಅದನ್ನೇ ಸಾಕ್ಷ್ಯವಾಗಿ ಹಿಡಿಯುತ್ತಿದ್ದವು.